ಹೊಳೆ ದಂಡೆಯ ನುಣುಪು ತೊಗಟೆಯ ಮರ: ಯಾವುದಿದು, ಹೇಗೆ ಗುರುತು ಹಿಡಿಯೋದು?

ಕಾಲುದಾರಿ
ಎಲ್ಲರಿಗೂ ನಮಸ್ಕಾರ. ಒಂದು ಮರದ ಗುರುತು ಸಿಗುತ್ತಿಲ್ಲ, ಸಹಾಯ ಮಾಡಿ. ಹೊಳೆ ದಂಡೆಯಲ್ಲಿದೆ. ದೊಡ್ಡ ಮರ, ಒಬ್ಬರು ತಬ್ಬಿದರೆ ಕೈ ಕೂಡಲ್ಲ. ಬುಡದಲ್ಲಿ ಹಲಗೆಬೇರು ಎದ್ದಿವೆ. ತೊಗಟೆ ನುಣುಪು, ಬೂದು ಬಿಳಿ, ಅಲ್ಲಲ್ಲಿ ನಸುಹಸಿರು. ತೆಳ್ಳಗಿನ ಚಕ್ಕೆಗಳು ಉದುರಿದ ಕಡೆ ಬೇರೆ ಬಣ್ಣದ ಮಚ್ಚೆಗಳಿವೆ. ಎಲೆ ಉದ್ದನೆಯದು, ತುದಿ ಅಷ್ಟೇನೂ ಚೂಪಲ್ಲ. ಹೂವು ಕಾಣಲಿಲ್ಲ. ಫೋನಿನ ಆ್ಯಪ್‌ಗೆ ಬೇರೆ ಬೇರೆ ಫೋಟೊ ಕೊಟ್ಟರೆ ಒಂದಕ್ಕೆ ಪೇರಲ ಅಂತು, ಇನ್ನೊಂದಕ್ಕೆ ನಂದಿ, ಮತ್ತೊಂದಕ್ಕೆ ನೀಲಗಿರಿ. ಮೂರರಲ್ಲಿ ಯಾವುದನ್ನು ನಂಬಲಿ? ಹೆಸರಷ್ಟೇ ಅಲ್ಲ, ಇಂಥ ಅಪರಿಚಿತ ಮರ ಎದುರಾದಾಗ ಎಲ್ಲಿಂದ ಶುರು ಮಾಡಬೇಕು ಅನ್ನೋದೂ ಗೊತ್ತಾಗಬೇಕು.

ತರಗೆಲೆ
ಒಳ್ಳೆಯ ಪ್ರಶ್ನೆ. ಆ್ಯಪ್ ಹೇಳಿದ ಮೂರೂ ಮರಗಳಲ್ಲಿ ಒಂದು ಸಮಾನ ಅಂಶ ಇದೆ ನೋಡಿ: ಮೂರಕ್ಕೂ ನುಣುಪು ತೊಗಟೆ, ಮೂರರದ್ದೂ ಸುಲಿಯುತ್ತದೆ. ನೀವು ಕೊಟ್ಟಿದ್ದು ಬಹುಶಃ ತೊಗಟೆಯ ಫೋಟೊಗಳೇ ಜಾಸ್ತಿ, ಹಾಗಾಗಿ ಅದು ತೊಗಟೆ ಹೋಲುವ ಮರಗಳನ್ನು ತಂದು ಮುಂದಿಟ್ಟಿದೆ. ಅದು ಕೊಡೋದು ಹೋಲಿಕೆಗಳ ಪಟ್ಟಿ, ಗುರುತು ಹಿಡಿಯುವ ಕೆಲಸ ನಮ್ಮದು.

ನನ್ನ ಸಲಹೆ, ಕಾಂಡದಿಂದ ಅಲ್ಲ, ಕಡ್ಡಿಯಿಂದ ಶುರು ಮಾಡಿ. ಎಲೆಗಳಿರುವ ಒಂದು ಸಣ್ಣ ರೆಂಬೆ ಹುಡುಕಿ. ಎಲೆ ತೊಟ್ಟು ಕಡ್ಡಿಗೆ ಸೇರುವ ಜಾಗದಲ್ಲಿ ಒಂದು ಪುಟ್ಟ ಮೊಗ್ಗು ಇರುತ್ತದೆ. ಆ ಮೊಗ್ಗು ಎಲ್ಲಿದೆಯೋ ಅಲ್ಲಿಂದ ಆಚೆಗೆ ಇರೋದೆಲ್ಲ ಒಂದೇ ಎಲೆ. ಬೇವಿನಲ್ಲಿ ನಾವು ಎಲೆ ಎಲೆ ಅಂತ ಉದುರಿಸೋದು ನಿಜಕ್ಕೂ ಕಿರುಎಲೆಗಳು. ಅವುಗಳ ಬುಡದಲ್ಲಿ ಮೊಗ್ಗಿಲ್ಲ, ಇಡೀ ಕಡ್ಡಿಯಂತೆ ಕಾಣೋದರ ಬುಡದಲ್ಲಿದೆ. ಇದೊಂದು ತಪ್ಪಿದರೆ ಮುಂದಿನದೆಲ್ಲ ತಪ್ಪುತ್ತದೆ, ಯಾಕಂದ್ರೆ ಸರಳ ಎಲೆಯ ಮರಗಳದ್ದೇ ಒಂದು ದಾರಿ, ಹೀಗೆ ಕಿರುಎಲೆಗಳು ಸೇರಿದ ಸಂಯುಕ್ತ ಎಲೆಯ ಮರಗಳದ್ದೇ ಇನ್ನೊಂದು ದಾರಿ.

ಆಮೇಲೆ ಎಲೆಗಳ ಜೋಡಣೆ. ಎರಡೆರಡು ಎದುರೆದುರು ಕೂತಿವೆಯಾ, ಒಂದು ಈ ಕಡೆ ಒಂದು ಆ ಕಡೆ ಬದಲಿಸಿಕೊಂಡು ಬರುತ್ತಿವೆಯಾ, ಇಲ್ಲಾ ಹಾಲೆ ಮರದಲ್ಲಿ ಇರುವಂತೆ ಒಂದೇ ಗಂಟಿನಿಂದ ನಾಲ್ಕೈದು ಏಳು ಎಲೆ ಸುತ್ತಲೂ ಹೊರಟಿವೆಯಾ? ಜಗತ್ತಿನಲ್ಲಿ ಮರದ ಪ್ರಭೇದಗಳು 60,000ಕ್ಕೂ ಜಾಸ್ತಿ ಇವೆ. ಅಷ್ಟನ್ನೂ ಯಾರೂ ಕಲಿಯೋಕಾಗಲ್ಲ. ಆದರೆ ಇಂಥ ಒಂದೊಂದು ಪ್ರಶ್ನೆಗೆ ಉತ್ತರ ಸಿಕ್ಕ ಹಾಗೆಲ್ಲ ದೊಡ್ಡ ದೊಡ್ಡ ಗುಂಪುಗಳು ಪಕ್ಕಕ್ಕೆ ಸರಿಯುತ್ತವೆ. ಹೌದು ಇಲ್ಲ ಅಂತ ಕವಲೊಡೆಯುವ ಈ ಪ್ರಶ್ನೆಗಳ ಕ್ರಮವನ್ನು 1778ರಲ್ಲಿ ಲಾಮಾರ್ಕ್ ಎಂಬ ಫ್ರೆಂಚ್ ವಿಜ್ಞಾನಿ ಫ್ರಾನ್ಸಿನ ಗಿಡಗಳಿಗೆ ಬಳಸಿದ್ದ. ಈಗಲೂ ಸಸ್ಯ ಗುರುತಿನ ಕೀಲಿಗಳು ಅದೇ ದಾರಿಯಲ್ಲಿ ನಡೆಯುತ್ತವೆ.

ಹೆಸರು ಯೋಚಿಸಬೇಡಿ ಸದ್ಯಕ್ಕೆ. ಮೊದಲು ಕಂಡದ್ದನ್ನು ಬರೆಯಿರಿ. ಹೆಸರು ಒಮ್ಮೆ ತಲೆಗೆ ಬಂತು ಅಂದ್ರೆ ಕಣ್ಣು ಅದಕ್ಕೆ ಹೊಂದುವುದನ್ನು ಮಾತ್ರ ನೋಡಲು ಶುರು ಮಾಡುತ್ತದೆ.

ಮೊಗ್ಗು
ನಡುವೆ ಬಾಯಿ ಹಾಕ್ತಿದ್ದೀನಿ, ನಾನೂ ಈಗಷ್ಟೇ ಕಲಿಯುತ್ತಿರುವವಳು. ಮರ ಎತ್ತರ ಇದ್ದು ಎಲೆ ಕೈಗೇ ಸಿಗದಿದ್ದರೆ? ಬುಡದಲ್ಲಿ ಚಿಗುರಿದ ಸಣ್ಣ ಕವಲುಗಳ ಎಲೆ ನೋಡಿದರೆ ಸಾಕಾಗುತ್ತಾ?

ತರಗೆಲೆ
ನೋಡಿ, ಆದರೆ ಅದೊಂದನ್ನೇ ನಂಬಬೇಡಿ. ಎಳೆಯ ಚಿಗುರಿನ ಎಲೆ ಬಹಳ ಮರಗಳಲ್ಲಿ ಬೇರೆ ಥರ ಇರುತ್ತದೆ. ನೀಲಗಿರಿಯ ಎಳೆಯ ಎಲೆಗಳು ತೊಟ್ಟಿಲ್ಲದೆ ಎದುರೆದುರು ಕೂತಿರುತ್ತವೆ, ಬೆಳೆದ ಮರದಲ್ಲಿ ಉದ್ದ ತೊಟ್ಟಿನ, ಜೋತುಬಿದ್ದ, ಬದಲಿ ಬದಲಿ ಬರುವ ಎಲೆಗಳು. ಹೆಬ್ಬಲಸಿನ ಸಸಿಯ ಎಲೆ ಆಳವಾಗಿ ಸೀಳಿರುತ್ತದೆ, ದೊಡ್ಡ ಮರದ ಎಲೆ ಇಡಿಯಾಗಿರುತ್ತದೆ. ರಸ್ತೆ ಬದಿಯ ಅಕೇಶಿಯಾ ಅಂತೂ ಮೊಳಕೆಯಲ್ಲಿ ಸಂಯುಕ್ತ ಎಲೆ ಬಿಡುತ್ತದೆ, ಆಮೇಲೆ ಬರುವ ಉದ್ದನೆಯ 'ಎಲೆ' ಅಗಲವಾದ ತೊಟ್ಟು ಅಷ್ಟೇ. ಆದ್ದರಿಂದ ಬುಡದ ಚಿಗುರು, ಕೆಳಗೆ ಬಿದ್ದ ರೆಂಬೆ, ಬೈನಾಕ್ಯುಲರ್‌ನಲ್ಲಿ ಕಾಣುವ ನೆತ್ತಿಯ ಎಲೆ, ಮೂರನ್ನೂ ಸೇರಿಸಿ ನೋಡಬೇಕು. ಗಾಳಿ ಮಳೆ ಬಂದ ಮರುದಿನ ಹೋದರೆ ಹಸಿ ರೆಂಬೆಗಳು ನೆಲದಲ್ಲೇ ಸಿಗುತ್ತವೆ, ಕೀಳುವ ಅಗತ್ಯವೇ ಬರಲ್ಲ.

ಚಕ್ಕೆ
ತೊಗಟೆಯನ್ನು ಹೀಗೆ ಪಕ್ಕಕ್ಕೆ ಸರಿಸೋದು ನನಗೆ ಒಪ್ಪಿಗೆ ಇಲ್ಲ ಸರ್. ದಟ್ಟ ಕಾಡಿನಲ್ಲಿ ಮೊದಲ ಕೊಂಬೆ ಇಪ್ಪತ್ತು ಮೀಟರ್ ಮೇಲೆ ಇರುತ್ತದೆ, ಪಕ್ಕದ ನಾಲ್ಕು ಮರಗಳ ಎಲೆ ಒಂದರೊಳಗೊಂದು ಹೆಣೆದುಕೊಂಡಿರುತ್ತವೆ, ಮೇಲೆ ನೋಡಿದರೆ ಯಾವ ಎಲೆ ಯಾವ ಮರದ್ದು ಅಂತಲೇ ತಿಳಿಯಲ್ಲ. ಅಲ್ಲಿ ಕಣ್ಣೆದುರು ಇರೋದು ತೊಗಟೆ ಒಂದೇ. ಕಾಡಿನಲ್ಲಿ ಹುಟ್ಟಿ ಬೆಳೆದವರು ಮರ ಮುಟ್ಟಿ ಹೆಸರು ಹೇಳ್ತಾರೆ, ಮೇಲೆ ನೋಡೋದೇ ಇಲ್ಲ. ಮತ್ತಿ ಮರದ ಕಪ್ಪು ತೊಗಟೆ ಉದ್ದಕ್ಕೂ ಅಡ್ಡಕ್ಕೂ ಬಿರುಕು ಬಿಟ್ಟು ಮೊಸಳೆ ಬೆನ್ನಿನಂತೆ ಇರುತ್ತದಲ್ಲ, ಅದನ್ನು ಒಮ್ಮೆ ನೋಡಿದವರು ಮರೆಯಲ್ಲ.

ತೊಗಟೆಯಲ್ಲೂ ಓದೋದು ಬೇಕಾದಷ್ಟಿದೆ. ಬಿರುಕು ಉದ್ದಕ್ಕೆ ಮಾತ್ರವೋ, ಅಡ್ಡಕ್ಕೂ ಇದೆಯೋ? ಸುಲಿದರೆ ಹಾಳೆಯಂತೆ ಬರುತ್ತೋ, ದಪ್ಪ ಚಕ್ಕೆಯಾಗಿ ಬೀಳುತ್ತೋ? ಉಸಿರಾಟದ ಸಣ್ಣ ಗುಳ್ಳೆಗಳು ಸಾಲಾಗಿವೆಯೋ, ಚದುರಿವೆಯೋ? ಸೀಳಿದ ಕಡೆ ಒಳ ತೊಗಟೆಯ ಬಣ್ಣ ಏನು? ಹೊನ್ನೆಗೆ ಗಾಯವಾದರೆ ಕೆಂಪು ಅಂಟು ಇಳಿಯುತ್ತದೆ, ರಾಮಪತ್ರೆಯ ಜಾತಿಯ ಮರಗಳಲ್ಲೂ ಕೆಂಪು ರಸ ಬರುತ್ತದೆ, ಉಪ್ಪಾಗೆಯಲ್ಲಿ ಹಳದಿ. ಇದನ್ನೆಲ್ಲ ಬಿಟ್ಟು ಎಲೆ ಎಲೆ ಅಂತ ಕೂತರೆ ಅರ್ಧ ಮರ ನೋಡಿದ ಹಾಗೆ.

ತರಗೆಲೆ
ಚಕ್ಕೆ ಅವರೇ, ನಿಮ್ಮ ಮಾತು ಸುಳ್ಳಲ್ಲ. ಆದರೆ ಒಂದು ವ್ಯತ್ಯಾಸ ಇದೆ. ಈಗಾಗಲೇ ಪರಿಚಯವಿರುವ ಮರವನ್ನು ಮತ್ತೆ ಗುರುತಿಸೋಕೆ ತೊಗಟೆಗಿಂತ ವೇಗದ ದಾರಿ ಇಲ್ಲ. ಅಪರಿಚಿತ ಮರಕ್ಕೆ ಅದೇ ದಾರಿ ಕಷ್ಟ. ತೊಗಟೆ ವಯಸ್ಸಿನೊಂದಿಗೆ ಬದಲಾಗುತ್ತದೆ: ಎಳೆಯ ಬೂರುಗದ ಕಾಂಡ ತುಂಬ ಮುಳ್ಳು, ಹಳೆಯ ಮರದ ಬುಡದಲ್ಲಿ ಅವು ಸವೆದು ಹೋಗಿರುತ್ತವೆ. ಕಲ್ಲುಹೂವು, ಪಾಚಿ, ಹೊಗೆ, ದನ ಉಜ್ಜಿದ ಗುರುತು ಇವೆಲ್ಲ ಬಣ್ಣ ಕೆಡಿಸುತ್ತವೆ. ಎಲ್ಲಕ್ಕಿಂತ ಜಾಸ್ತಿ, ಒಂದಕ್ಕೊಂದು ಸಂಬಂಧವೇ ಇಲ್ಲದ ಕುಟುಂಬಗಳ ಮರಗಳಿಗೆ ಒಂದೇ ಥರದ ತೊಗಟೆ ಇರಬಹುದು. ಪೇರಲ, ನಂದಿ, ನೀಲಗಿರಿ ಅಂತ ಉತ್ತರ ಬಂದಿದ್ದು ಅದಕ್ಕೇ ಅಲ್ವಾ? ಎಲೆಯ ಜೋಡಣೆ ಹಾಗಲ್ಲ, ಅದು ಕುಟುಂಬದ ಹತ್ತಿರಕ್ಕೆ ಕರೆದುಕೊಂಡು ಹೋಗುತ್ತದೆ.

ಇನ್ನೊಂದು ವಿಷಯ. ಒಳ ತೊಗಟೆ ನೋಡೋಕೆ ಕತ್ತಿ ಏಟು ಹಾಕುವ ಅಭ್ಯಾಸ ಇದೆ, ದಯವಿಟ್ಟು ಬೇಡ. ಗಾಯದಿಂದ ಶಿಲೀಂಧ್ರ, ಹುಳು ಒಳಗೆ ಹೋಗುತ್ತವೆ. ಆಗಲೇ ಇರುವ ಗಾಯ, ಮುರಿದ ರೆಂಬೆ, ಉದುರಿದ ಚಕ್ಕೆ ಹುಡುಕಿದರೆ ಬೇಕಾದ್ದು ಸಿಗುತ್ತದೆ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳಲ್ಲಂತೂ ಅನುಮತಿ ಇಲ್ಲದೆ ಒಂದು ಎಲೆಯನ್ನೂ ಕೀಳಬಾರದು.

ಚಕ್ಕೆ
ಕತ್ತಿ ವಿಷಯದಲ್ಲಿ ನಾನು ನಿಮ್ಮ ಜೊತೆ. ಔಷಧಿಗೆ ಅಂತ ಸುತ್ತಲೂ ತೊಗಟೆ ಸುಲಿದು ಒಣಗಿಸಿದ ಮರಗಳನ್ನು ನೋಡಿ ಸಂಕಟ ಆಗಿದೆ. ಸುತ್ತಲೂ ಸುಲಿದರೆ ಎಲೆ ಮಾಡಿದ ಆಹಾರ ಬೇರಿಗೆ ಇಳಿಯೋ ದಾರಿಯೇ ಕಡಿದು ಹೋಗುತ್ತದೆ. ಮರ ತಕ್ಷಣ ಸಾಯಲ್ಲ, ಬೇರು ಹಸಿದು ನಿಧಾನಕ್ಕೆ ಸಾಯುತ್ತದೆ.

ಕಾಲುದಾರಿ
ಮತ್ತೆ ಹೋಗಿ ನೋಡಿಕೊಂಡು ಬಂದೆ. ತರಗೆಲೆ ಅವರು ಹೇಳಿದ ಹಾಗೆ ಹೆಸರಿನ ಯೋಚನೆ ಬಿಟ್ಟು ಕಂಡದ್ದನ್ನಷ್ಟೇ ಬರೆದಿದ್ದೇನೆ.

ಎಲೆ ಸರಳ. ಜೋಡಣೆ ಮಾತ್ರ ಗೊಂದಲ: ಕೆಲವು ಸರಿಯಾಗಿ ಎದುರೆದುರು, ಕೆಲವು ಜೋಡಿಗಳಲ್ಲಿ ಒಂದೆಲೆ ಸ್ವಲ್ಪ ಕೆಳಗೆ ಜಾರಿದೆ. ಎಲೆ ಉದ್ದ ಒಂದು ಗೇಣಿಗಿಂತ ಕಡಿಮೆ, ಅಂಚು ಹೆಚ್ಚು ಕಡಿಮೆ ನಯ. ತೊಟ್ಟು ಗಿಡ್ಡ. ಕಿವುಚಿ ಮೂಸಿದೆ, ಸುಮ್ನೆ ಹಸಿರೆಲೆಯ ವಾಸನೆ, ವಿಶೇಷ ಏನಿಲ್ಲ. ಮುರಿದ ಕಡೆ ಹಾಲು ಬರಲಿಲ್ಲ. ಬೆಳಕಿಗೆ ಹಿಡಿದು ನೋಡಿದೆ, ಪಾರದರ್ಶಕ ಚುಕ್ಕೆಗಳು ಕಾಣಲಿಲ್ಲ. ಒಂದು ವಿಷಯ ವಿಚಿತ್ರ ಅನ್ನಿಸಿತು: ತೊಟ್ಟು ಎಲೆಗೆ ಸೇರುವ ಜಾಗದಲ್ಲಿ ಎರಡು ಸಣ್ಣ ಗುಬುಟು ಇವೆ. ಮೊದಲು ಹುಳು ಮಾಡಿದ ಗಂಟು ಅಂದುಕೊಂಡೆ, ಆದರೆ ಸುಮಾರು ಎಲೆಗಳಲ್ಲಿ ಅದೇ ಜಾಗದಲ್ಲಿ ಇವೆ. ಕೆಲವು ಎಲೆಗಳಲ್ಲಿ ಇಲ್ಲ.

ಕವಲು
ಆ ಎರಡು ಗುಬುಟು ಗ್ರಂಥಿಗಳು! ಕಾಲುದಾರಿ ಅವರೇ, ನೀವು ಅದನ್ನು ಗಮನಿಸಿದ್ದು ನಿಜಕ್ಕೂ ಖುಷಿ ಆಯ್ತು, ಬಹಳ ಜನ ಅದನ್ನು ನೋಡದೆಯೇ ಮುಂದೆ ಹೋಗ್ತಾರೆ. ಹುಳುವಿನ ಗಂಟಾದರೆ ಎಲ್ಲೆಂದರಲ್ಲಿ ಇರುತ್ತದೆ. ಎಲೆಯಿಂದ ಎಲೆಗೆ ಅದೇ ಜಾಗದಲ್ಲಿ ಬಂದರೆ ಅದು ಮರದ್ದೇ ಅಂಗ. ಕೆಲವು ಎಲೆಗಳಲ್ಲಿ ಇಲ್ಲದಿರೋದೂ ಸಹಜ, ಅದಕ್ಕೇ ಒಂದು ಎಲೆ ನೋಡಿ ಇಲ್ಲ ಅಂತ ಬರೆಯಬಾರದು.

ಈಗ ಆ್ಯಪ್ ಕೊಟ್ಟ ಮೂರು ಹೆಸರುಗಳನ್ನು ಪರೀಕ್ಷೆ ಮಾಡೋಣ. ನೀಲಗಿರಿ ಆಗಿದ್ದರೆ ಕಿವುಚಿದ ಕೂಡಲೇ ಎಣ್ಣೆ ವಾಸನೆ ಮೂಗಿಗೆ ಹೊಡೆಯಬೇಕಿತ್ತು, ಬೆಳಕಿಗೆ ಹಿಡಿದರೆ ಎಣ್ಣೆಯ ಚುಕ್ಕೆಗಳು ಕಾಣಬೇಕಿತ್ತು. ಹೋಯ್ತು. ಪೇರಲವೂ ಅದೇ ಕುಟುಂಬ, ಅದರ ಎಲೆಗೂ ವಾಸನೆ ಇದೆ, ಎಳೆಯ ಕಡ್ಡಿ ಚೌಕ, ನರಗಳು ಎಲೆಯ ಮೇಲ್ಭಾಗದಲ್ಲಿ ತಗ್ಗಾಗಿ ಅಡಿಯಲ್ಲಿ ಎದ್ದು ಕಾಣುತ್ತವೆ, ಮೇಲಾಗಿ ಅದು ತಬ್ಬೋಕಾಗದಷ್ಟು ದಪ್ಪ ಬೆಳೆಯಲ್ಲ. ಅದೂ ಹೋಯ್ತು. ನಂದಿ ಸ್ವಲ್ಪ ಕಷ್ಟದ್ದು. ಬಿಳಿ ನುಣುಪು ತೊಗಟೆ, ಸರಳ ಎಲೆ, ಹೆಚ್ಚು ಕಡಿಮೆ ಎದುರೆದುರು, ಹಾಲಿಲ್ಲ, ವಾಸನೆ ಇಲ್ಲ. ದೂರದಿಂದ ಎಲ್ಲ ಹೊಂದುತ್ತದೆ. ಆದರೆ ನಂದಿಯ ಎಲೆ ಬುಡದಲ್ಲಿ ಗ್ರಂಥಿಗಳಿಲ್ಲ.

ಹಾಗಾದ್ರೆ ಗ್ರಂಥಿ ಯಾರಿಗಿದೆ? ಗ್ರಂಥಿ ಒಂದನ್ನೇ ಹಿಡಿದರೆ ದಾರಿ ತಪ್ಪುತ್ತದೆ, ಹರಳಿನ ಕುಟುಂಬದ ಬಹಳ ಗಿಡಗಳಿಗೆ ಎಲೆ ಬುಡದಲ್ಲಿ ಗ್ರಂಥಿ ಇದೆ, ಪ್ಲಮ್, ಚೆರಿ ಗುಂಪಿಗೂ ಇದೆ. ಆದರೆ ಅವುಗಳಲ್ಲಿ ಎಲೆ ಸಾಮಾನ್ಯವಾಗಿ ಬದಲಿ ಬದಲಿ ಬರುತ್ತವೆ. ಎದುರೆದುರು ಬಂದು ಆಗಾಗ ಒಂದೆಲೆ ಸ್ವಲ್ಪ ಜಾರಿರೋದು, ಗಿಡ್ಡ ತೊಟ್ಟು, ಎಲೆ ಬುಡದಲ್ಲಿ ಜೋಡಿ ಗ್ರಂಥಿ, ಹಾಲಿಲ್ಲ, ಚುಕ್ಕೆ ಇಲ್ಲ, ದೊಡ್ಡ ಮರ. ಇವೆಲ್ಲ ಒಟ್ಟಿಗೆ ಬಂದರೆ ನನ್ನ ಮೊದಲ ಅನುಮಾನ ಟರ್ಮಿನೇಲಿಯಾ ಕುಲ. ಅಂದ್ರೆ ಮತ್ತಿ, ಹುಣಾಲು, ಅಳಲೆ, ತಾರೆ, ಕಾಡುಬಾದಾಮಿ ಇವುಗಳ ಬಳಗ. ಪ್ರಭೇದ ಇನ್ನೂ ಹೇಳಲ್ಲ.

ನೀವು 'ಗೊಂದಲ' ಅಂದ ಜೋಡಣೆಯೂ ಒಂದು ಲಕ್ಷಣವೇ. ಪುಸ್ತಕದಲ್ಲಿ ಎದುರೆದುರು, ಬದಲಿ ಬದಲಿ ಅಂತ ಎರಡೇ ಖಾನೆ ಇದ್ದರೂ ಮರಗಳಲ್ಲಿ ನಡುವಿನ ಸ್ಥಿತಿ ಇರುತ್ತದೆ. ಅದನ್ನು ಯಾವುದೋ ಒಂದು ಖಾನೆಗೆ ತುರುಕದೆ ಕಂಡ ಹಾಗೇ ಬರೆದಿದ್ದರಿಂದಲೇ ಇಷ್ಟು ಬೇಗ ಇಲ್ಲಿಗೆ ಬಂದ್ವಿ.

ಮೊಗ್ಗು
ಕವಲು ಅವರೇ, ಇದೇ ಥರ ಕಡ್ಡಿ ನೋಡಿ ಕುಟುಂಬ ಹೇಳುವ ಬೇರೆ ಗುರುತುಗಳಿದ್ದರೆ ಸ್ವಲ್ಪ ಹೇಳ್ತೀರಾ? ಮತ್ತೆ ಕಿವುಚಿ ಮೂಸೋದು, ಹಾಲು ಬರಿಸೋದು ಇದೆಲ್ಲ ಅಪಾಯ ಅಲ್ವಾ? ಯಾವ ಮರ ಅಂತ ಗೊತ್ತಿಲ್ಲದೆ ಮುಟ್ಟೋದು ಹೇಗೆ?

ಕವಲು
ಎರಡನೇ ಪ್ರಶ್ನೆಗೆ ಮೊದಲು ಉತ್ತರ, ಅದು ಜೀವದ ವಿಷಯ. ರುಚಿ ಮಾತ್ರ ಯಾವತ್ತೂ ನೋಡಬೇಡಿ, ಎಷ್ಟೇ ಅನುಭವ ಇರಲಿ. ದಾಲ್ಚಿನ್ನಿ ಎಲೆಗೂ ಕಾಸರಕದ ಎಲೆಗೂ ಬುಡದಿಂದಲೇ ಹೊರಟು ತುದಿಯ ಕಡೆ ಬಾಗುವ ದೊಡ್ಡ ನರಗಳಿವೆ, ಎರಡೂ ಹೊಳೆಯುತ್ತವೆ. ಕಿವುಚಿದರೆ ದಾಲ್ಚಿನ್ನಿ ಘಮ್ ಅನ್ನುತ್ತದೆ, ಕಾಸರಕಕ್ಕೆ ಆ ಪರಿಮಳ ಇಲ್ಲ. ಕಾಸರಕದಲ್ಲಿ ಸ್ಟ್ರಿಕ್ನಿನ್ ಇದೆ, ಮನುಷ್ಯರನ್ನು ಕೊಲ್ಲುವ ವಿಷ. ಆ ಎರಡನ್ನು ಬೇರ್ಪಡಿಸೋಕೆ ಮೂಗು ಸಾಕು, ನಾಲಿಗೆ ಬೇಡ.

ಹಾಲು, ಅಂಟು ಕಂಡರೆ ನೋಡಿ, ಬೆರಳಿಗೆ ಹಚ್ಚಿಕೊಳ್ಳಬೇಡಿ. ಮುರಿದ ತೊಟ್ಟನ್ನು ಬಿಳಿ ಕಾಗದದ ಮೇಲೆ ಒತ್ತಿ ಸ್ವಲ್ಪ ಹೊತ್ತು ಬಿಡಿ. ಹೊಳೆಗೇರು, ಕರಿಗೇರು ಇವುಗಳ ರಸ ಗಾಳಿ ತಾಗಿ ಕಪ್ಪಾಗುತ್ತದೆ, ಚರ್ಮಕ್ಕೆ ಬಿದ್ದರೆ ಬೊಬ್ಬೆ ಏಳುತ್ತದೆ, ವಾರಗಟ್ಟಲೆ ಕಾಡುತ್ತದೆ. ಉಪ್ಪುನೀರಿನ ಕಾಂಡ್ಲಾ ಕಾಡಿನಲ್ಲಿರುವ ಎಕ್ಸೊಕೇರಿಯಾ ಮರದ ಬಿಳಿ ಹಾಲು ಕಣ್ಣಿಗೆ ಹೋದರೆ ಸ್ವಲ್ಪ ಕಾಲ ದೃಷ್ಟಿಯೇ ಹೋಗಬಹುದು. ಕಪ್ಪು ಕಲೆ ಸುರಿದ ತೊಗಟೆ ಕಂಡರೆ ದೂರದಿಂದಲೇ ನೋಡಿ, ಎಲೆ ಕಿವುಚೋಕೆ ಹೋಗಬೇಡಿ. ಮುಟ್ಟಿದ ಕೈಯಿಂದ ಕಣ್ಣು ಉಜ್ಜಬಾರದು, ತೊಳೆಯೋವರೆಗೆ ಏನೂ ತಿನ್ನಬಾರದು.

ಇನ್ನು ಕಡ್ಡಿಯ ಗುರುತುಗಳು. ನನಗೆ ಬಹಳ ಇಷ್ಟವಾದದ್ದು ಉಂಗುರದ ಗುರುತು. ಆಲ, ಅರಳಿ, ಅತ್ತಿ, ಹಲಸು ಇವುಗಳ ಎಳೆಯ ಕಡ್ಡಿಯಲ್ಲಿ ಚಿಗುರನ್ನು ಮುಚ್ಚಿದ್ದ ಪೊರೆ ಉದುರಿದ ಮೇಲೆ ಗಂಟಿನ ಸುತ್ತ ಉಂಗುರದಂತೆ ಗೆರೆ ಉಳಿಯುತ್ತದೆ, ಮುರಿದರೆ ಬಿಳಿ ಹಾಲು. ಸಂಪಿಗೆಯಲ್ಲೂ ಅದೇ ಉಂಗುರ, ಆದರೆ ಹಾಲಿಲ್ಲ. ನೋಡಿ, ಎರಡು ಲಕ್ಷಣ ಸೇರಿಸಿದ್ದಕ್ಕೆ ಎರಡು ಕುಟುಂಬ ಬೇರೆಯಾದವು. ಕಾಫಿ, ಕದಂಬಗಳ ಕುಟುಂಬದಲ್ಲಿ ಎಲೆ ಎದುರೆದುರು ಇದ್ದು, ಎರಡು ತೊಟ್ಟುಗಳ ನಡುವೆ ಕಡ್ಡಿಯ ಮೇಲೆ ಒಂದು ಸಣ್ಣ ತ್ರಿಕೋನದ ಪೊರೆ ಇರುತ್ತದೆ. ಅದು ಉದುರಿದ್ದರೂ ಗೆರೆ ಉಳಿದಿರುತ್ತದೆ. ನೇರಳೆ ಬಳಗದಲ್ಲಿ ಚುಕ್ಕೆಗಳ ಜೊತೆಗೆ ಎಲೆಯ ಅಂಚಿಗೆ ಸಮಾನಾಂತರವಾಗಿ ಒಂದು ನರ ಓಡುತ್ತದೆ. ಬಿಲ್ವ, ನಿಂಬೆಯ ಕುಟುಂಬದಲ್ಲೂ ಚುಕ್ಕೆ ಇದೆ, ಆ ಅಂಚಿನ ನರ ಇಲ್ಲ. ಅವರೆ ಕುಟುಂಬದ ಮರಗಳಲ್ಲಿ ತೊಟ್ಟಿನ ಬುಡ ಉಬ್ಬಿರುತ್ತದೆ, ಸಂಜೆ ಎಲೆ ಮಡಚಿಕೊಳ್ಳೋದು ಅಲ್ಲಿಂದಲೇ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಒಂದು ಭೂತಗನ್ನಡಿ ಜೇಬಿನಲ್ಲಿದ್ದರೆ ಇದೆಲ್ಲ ನಿಂತಲ್ಲೇ ಕಾಣುತ್ತದೆ.

ಚಕ್ಕೆ
ಟರ್ಮಿನೇಲಿಯಾ ಅಂದ ಮೇಲೆ ತೊಗಟೆಗೆ ಮತ್ತೆ ಕೆಲಸ ಬಂತು. ಈ ಕುಲದೊಳಗೆ ತೊಗಟೆ ಚೆನ್ನಾಗಿ ಮಾತಾಡುತ್ತದೆ. ಮತ್ತಿ ಅಂದ್ರೆ ಕರಿಮತ್ತಿ, ಅದರ ತೊಗಟೆ ನಾನು ಹೇಳಿದ ಹಾಗೆ ಕಪ್ಪು, ಆಳ ಬಿರುಕು. ಹುಣಾಲಿನದ್ದೂ ಗಾಢ ಬಣ್ಣ, ಒರಟು. ಬೂದು ಬಿಳಿ, ನುಣುಪು, ತೆಳ್ಳಗೆ ಚಕ್ಕೆ ಸುಲಿಯೋದು, ಬುಡದಲ್ಲಿ ಹಲಗೆಬೇರು, ನೀರಿನ ಅಂಚು. ಇದು ಹೊಳೆಮತ್ತಿ, ಅಂದ್ರೆ ಅರ್ಜುನ. ಬಿಳಿಮತ್ತಿ ಅಂತಲೂ ಕರೀತಾರೆ. ನನಗಂತೂ ನಿಮ್ಮ ಮೊದಲ ವಿವರಣೆಯಲ್ಲೇ ಹಾಗನ್ನಿಸಿತ್ತು. ಉದುರಿದ ಚಕ್ಕೆಯ ಒಳಭಾಗ ನಸುಗೆಂಪು ಇದೆಯಾ ನೋಡಿ.

ತರಗೆಲೆ
ನನಗೂ ಅದೇ ಅನ್ನಿಸುತ್ತಿದೆ. ಆದರೂ ಹೊಳೆ ದಂಡೆ ಅನ್ನೋದಕ್ಕೆ ಜಾಸ್ತಿ ತೂಕ ಕೊಡೋದು ಬೇಡ. ಅರ್ಜುನವನ್ನು ರಸ್ತೆ ಬದಿಯಲ್ಲೂ ನೆಡುತ್ತಾರೆ, ಮತ್ತಿ ಮರ ಹೊಳೆಯ ಹತ್ತಿರವೂ ಇರಬಹುದು. ಜಾಗ ಒಂದು ಸುಳಿವು, ಮರದ ಮೇಲಿನ ಲಕ್ಷಣವೇ ಸಾಕ್ಷಿ.

ಕಾಯಿ ನೋಡಿ ಕಾಲುದಾರಿ ಅವರೇ. ಈ ಕುಲದ ಕಾಯಿಗಳು ಗಟ್ಟಿ, ಬೇಗ ಕೊಳೆಯಲ್ಲ, ಹೂವಿನ ಕಾಲ ಅಲ್ಲದಿದ್ದರೂ ಬುಡದಲ್ಲಿ ಹಳೆಯ ಕಾಯಿ ಸಿಗುವ ಸಾಧ್ಯತೆ ಇದೆ. ಅಳಲೆ, ತಾರೆ ಕಾಯಿಗೆ ರೆಕ್ಕೆ ಇಲ್ಲ. ಹುಣಾಲಿನದ್ದು ಮೂರು ರೆಕ್ಕೆ, ಒಂದು ದೊಡ್ಡದು, ಎರಡು ಸಣ್ಣವು. ಮತ್ತಿಗೂ ಹೊಳೆಮತ್ತಿಗೂ ಐದೈದು ರೆಕ್ಕೆ, ಸುಮಾರು ಒಂದೇ ಅಳತೆಯವು. ಹಾಗಾಗಿ ರೆಕ್ಕೆ ಎಣಿಸಿದರೆ ಸಾಲದು, ರೆಕ್ಕೆಯ ಮೇಲಿನ ಸಣ್ಣ ಗೆರೆಗಳನ್ನು ನೋಡಬೇಕು. ಮತ್ತಿಯ ಕಾಯಿಯಲ್ಲಿ ಆ ಗೆರೆಗಳು ನಡುವಿನಿಂದ ಅಂಚಿಗೆ ನೇರ ಅಡ್ಡಡ್ಡ ಹೋಗುತ್ತವೆ. ಹೊಳೆಮತ್ತಿಯಲ್ಲಿ ಬಾಗಿ ಮೇಲಕ್ಕೆ ಏರುತ್ತವೆ. ಗ್ರಂಥಿಗಳ ಜಾಗದಲ್ಲೂ ವ್ಯತ್ಯಾಸ ಇದೆ: ಹೊಳೆಮತ್ತಿಯಲ್ಲಿ ತೊಟ್ಟಿನ ತುದಿಯ ಹತ್ತಿರ, ಮತ್ತಿಯಲ್ಲಿ ಎಲೆಯ ಅಡಿಭಾಗದ ನಡುನರದ ಮೇಲೆ, ಬುಡಕ್ಕೆ ಹತ್ತಿರ.

ಕಾಲುದಾರಿ
ಕಾಯಿ ಸಿಕ್ಕಿತು! ಬುಡದ ಕಲ್ಲುಗಳ ಸಂದಿಯಲ್ಲಿ ಸುಮಾರು ಇದ್ದವು. ಒಣಗಿ ಕಂದು ಬಣ್ಣಕ್ಕೆ ತಿರುಗಿವೆ. ಐದು ರೆಕ್ಕೆ ಇದೆ, ಗಟ್ಟಿ, ಉಗುರಿನಿಂದ ಒತ್ತಿದರೂ ಜಗ್ಗಲ್ಲ. ಚಕ್ಕೆಯ ಒಳಭಾಗ ನಸುಗೆಂಪೇ. ಹಾಗಾದ್ರೆ ಹೊಳೆಮತ್ತಿ ಅಂತ ಬರೆದುಕೊಳ್ಳಲಾ?

ತರಗೆಲೆ
ಒಂದು ನಿಮಿಷ ತಡೆಯಿರಿ. ಬುಡದಲ್ಲಿ ಬಿದ್ದದ್ದೆಲ್ಲ ಆ ಮರದ್ದೇ ಅಂತ ಹೇಳೋಕಾಗಲ್ಲ, ಅದೂ ಹೊಳೆ ದಂಡೆಯಲ್ಲಿ. ರೆಕ್ಕೆಯ ಕಾಯಿ ಗಾಳಿಗೂ ಹೋಗುತ್ತದೆ, ಮಳೆಗಾಲದ ನೀರಿನಲ್ಲೂ ತೇಲಿ ಬರುತ್ತದೆ. ಮೇಲಿನ ಯಾವುದೋ ಮತ್ತಿ ಮರದ ಕಾಯಿ ಬಂದು ಆ ಕಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡಿರಬಹುದು ಅಲ್ವಾ? ಕೊಂಬೆಯಲ್ಲಿ ಇನ್ನೂ ಅಂಟಿಕೊಂಡಿರುವ ಕಾಯಿ ಇದೆಯಾ ಅಂತ ಬೈನಾಕ್ಯುಲರ್‌ನಲ್ಲಿ ಹುಡುಕಿ, ಇಲ್ಲಾ ಎಲೆ ಕಾಯಿ ಎರಡೂ ಇರುವ ಬಿದ್ದ ರೆಂಬೆ ಹುಡುಕಿ. ಎಲೆಯೂ ಕಾಯಿಯೂ ಒಂದೇ ಕಡ್ಡಿಯಲ್ಲಿ ಸಿಕ್ಕರೆ ಆಮೇಲೆ ವಾದವೇ ಇಲ್ಲ. ಮತ್ತೆ ಆ ಗೆರೆಗಳ ಬಗ್ಗೆ ನೀವು ಏನೂ ಬರೆದಿಲ್ಲ.

ಮೊಗ್ಗು
ಇಷ್ಟೊಂದು ಗಟ್ಟಿ ಮಾಡಿಕೊಳ್ಳಬೇಕಾ? ತೊಗಟೆ, ಗ್ರಂಥಿ, ಐದು ರೆಕ್ಕೆ, ಒಳಗಿನ ಕೆಂಪು, ಎಲ್ಲ ಹೊಂದಿದೆಯಲ್ಲ.

ತರಗೆಲೆ
ಈ ಮರದ ಮಟ್ಟಿಗೆ ಬಹುಶಃ ಬೇಡ. ಆದರೆ ಒಮ್ಮೆ ಹೆಸರು ಬರೆದು ಫೋಟೊ ಹಾಕಿದರೆ ಅದನ್ನು ನೋಡಿ ಇನ್ನೊಬ್ಬರು ಕಲಿಯುತ್ತಾರೆ, ಆ್ಯಪ್‌ಗಳೂ ಅದೇ ಫೋಟೊಗಳಿಂದ ಕಲಿಯುತ್ತವೆ. ತಪ್ಪು ಹೆಸರಿನ ಒಂದು ಫೋಟೊ ಎಷ್ಟು ಕಡೆ ಹಬ್ಬುತ್ತದೆ ಅಂತ ಹೇಳೋಕಾಗಲ್ಲ. ಔಷಧಿ ಗಿಡಗಳ ವಿಷಯದಲ್ಲಿ ಇದು ಇನ್ನೂ ಗಂಭೀರ, ಯಾಕಂದ್ರೆ ಹೆಸರು ನೋಡಿ ಜನ ತೊಗಟೆ ತೆಗೆದು ಕುಡೀತಾರೆ.

ಕಾಲುದಾರಿ
ಸರಿ, ಇದು ಕೊನೆಯ ವರದಿ. ಬೈನಾಕ್ಯುಲರ್ ತೆಗೆದುಕೊಂಡು ಹೋಗಿದ್ದೆ. ನೆತ್ತಿಯ ಹತ್ತಿರ, ಹೊಳೆಯ ಕಡೆ ಬಾಗಿದ ಕೊಂಬೆಯಲ್ಲಿ ಹಳೆಯ ಕಾಯಿ ಗೊಂಚಲು ಇನ್ನೂ ಇದೆ, ಪಕ್ಕದಲ್ಲೇ ಎಲೆಗಳೂ ಇವೆ, ಬೇರೆ ಮರ ಅಲ್ಲಿಗೆ ತಾಗಿಲ್ಲ. ಕಾಯಿ ಅದೇ ಆಕಾರ. ಕೈಗೆ ಸಿಕ್ಕ ಕಾಯಿಗಳನ್ನು ಬೆಳಗಿನ ಓರೆ ಬಿಸಿಲಿಗೆ ಹಿಡಿದು ನೋಡಿದೆ, ಆಗ ಗೆರೆಗಳು ಚೆನ್ನಾಗಿ ಎದ್ದು ಕಂಡವು. ನಡುವಿನಿಂದ ಹೊರಟು ಮೇಲಕ್ಕೆ ಬಾಗಿವೆ, ನೇರ ಅಡ್ಡ ಇಲ್ಲ. ಗ್ರಂಥಿಗಳು ತೊಟ್ಟಿನ ತುದಿಯಲ್ಲೇ ಇವೆ, ನಡುನರದ ಮೇಲಲ್ಲ. ಹೋಲಿಸಿ ನೋಡಲು ಗುಡ್ಡದ ಕಡೆ ಒಂದು ಕರಿಮತ್ತಿ ಹುಡುಕಿದೆ, ಅದರ ಎಲೆ ತಿರುಗಿಸಿದರೆ ಅಡಿಯಲ್ಲಿ ನಡುನರದ ಬುಡದ ಹತ್ತಿರ ಗ್ರಂಥಿ ಸ್ಪಷ್ಟವಾಗಿ ಕಂಡಿತು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ ಮೇಲೆ ಇನ್ನು ನನಗೆ ಅನುಮಾನ ಇಲ್ಲ.

ಕವಲು
ಪಕ್ಕಪಕ್ಕ ಇಟ್ಟು ನೋಡಿದಿರಲ್ಲ, ಅದು ಬಹಳ ಒಳ್ಳೆಯ ಕೆಲಸ. ಹೋಲುವ ಮರವನ್ನೂ ನೋಡದೆ ಗುರುತು ಪೂರ್ತಿ ಆಗಲ್ಲ. ಹೊಳೆಮತ್ತಿ, ಟರ್ಮಿನೇಲಿಯಾ ಅರ್ಜುನ, ಧೈರ್ಯವಾಗಿ ಬರೆಯಿರಿ.

ಕರಿಮತ್ತಿಯ ಬಗ್ಗೆ ಹುಡುಕುವಾಗ ಒಂದು ಗೊಂದಲ ಆಗಬಹುದು. ಹಳೆಯ ಪುಸ್ತಕಗಳಲ್ಲಿ ಅದು ಟರ್ಮಿನೇಲಿಯಾ ಟೊಮೆಂಟೋಸಾ ಅಂತ ಇರುತ್ತದೆ, ಈಗಿನ ಪಟ್ಟಿಗಳಲ್ಲಿ ಟರ್ಮಿನೇಲಿಯಾ ಎಲಿಪ್ಟಿಕಾ. ಮರ ಒಂದೇ. ಟಿಪ್ಪಣಿಯಲ್ಲಿ ಎರಡೂ ಹೆಸರು ಇರಲಿ.

ದಾಖಲೆ ಹಾಕುವಾಗ ಇಡೀ ಮರದ ಫೋಟೊ, ತೊಗಟೆಯದ್ದು ಹತ್ತಿರದಿಂದ, ಜೋಡಣೆ ಕಾಣುವ ಕಡ್ಡಿ, ಎಲೆಯ ಎರಡೂ ಮಗ್ಗುಲು, ಗ್ರಂಥಿ, ಕಾಯಿ ಎಲ್ಲ ಬೇರೆ ಬೇರೆಯಾಗಿ ಹಾಕಿ. ಅಳತೆಗೆ ಪಕ್ಕದಲ್ಲಿ ಒಂದು ಸ್ಕೇಲ್ ಇರಲಿ. ಗಿಡ ಗುರುತಿಸುವ ಪ್ಲಾಂಟ್‌ನೆಟ್ ಆ್ಯಪ್‌ನಲ್ಲಿ ಪ್ರತಿ ಫೋಟೊಗೂ ಇದು ಎಲೆಯೋ ತೊಗಟೆಯೋ ಕಾಯಿಯೋ ಅಂತ ಹೇಳುವ ಅವಕಾಶ ಇದೆ, ಹಾಗೆ ಕೊಟ್ಟಾಗ ಉತ್ತರ ಸುಧಾರಿಸುತ್ತದೆ. ಸುತ್ತಳತೆ ಬರೆಯೋದಾದರೆ ಎದೆ ಎತ್ತರದಲ್ಲಿ ತೆಗೀರಿ. ಭಾರತದ ಅರಣ್ಯ ಲೆಕ್ಕದಲ್ಲಿ ಅದು ನೆಲದಿಂದ 1.37 ಮೀಟರ್, ಬೇರೆ ಬಹಳ ದೇಶಗಳಲ್ಲಿ 1.3 ಮೀಟರ್. ಹಲಗೆಬೇರು ಅಷ್ಟು ಎತ್ತರ ಬಂದಿದ್ದರೆ ಅದರ ಮೇಲೆ, ಕಾಂಡ ಗುಂಡಗಾದ ಕಡೆ ಅಳೆದು, ಎಷ್ಟು ಎತ್ತರದಲ್ಲಿ ಅಳೆದಿರಿ ಅನ್ನೋದನ್ನೂ ಬರೆಯಿರಿ.

ಮೊಗ್ಗು
ಒಂದು ಕೊನೆಯ ಪ್ರಶ್ನೆ. ನಾನು ನೋಡಿದ ಒಂದು ಮರಕ್ಕೆ ಈಗ ಹೂವೂ ಇಲ್ಲ, ಕಾಯಿಯೂ ಇಲ್ಲ. ಎಲೆ ಎದುರೆದುರು, ಸರಳ, ತೊಟ್ಟುಗಳ ನಡುವೆ ಪೊರೆ ಇದೆ. ನೀವು ಹೇಳಿದ ಪ್ರಕಾರ ಕಾಫಿ ಕುಟುಂಬ. ಅದರಾಚೆ ಏನೂ ಹೊಳೀತಿಲ್ಲ. ಹಾಗೇ ಖಾಲಿ ಬಿಡಲಾ, ಇಲ್ಲ ಹತ್ತಿರ ಅನ್ನಿಸಿದ ಹೆಸರು ಹಾಕಲಾ?

ಕವಲು
ಖಾಲಿಯೂ ಬಿಡಬೇಡಿ, ಊಹೆಯ ಹೆಸರೂ ಹಾಕಬೇಡಿ. ಕುಟುಂಬದ ಹೆಸರು ರೂಬಿಯೇಸಿಯೆ ಅಂತ ಹಾಕಿ ನಿಲ್ಲಿಸಿ. ಕಂಡ ಜೀವಿಗಳ ಫೋಟೊ ದಾಖಲಿಸುವ ಐನ್ಯಾಚುರಲಿಸ್ಟ್‌ನಂಥ ತಾಣಗಳಲ್ಲಿ ಕುಟುಂಬದ ಮಟ್ಟದಲ್ಲೇ ದಾಖಲಿಸಬಹುದು, ಆ ಕುಟುಂಬ ಬಲ್ಲವರ ಕಣ್ಣಿಗೆ ಅದು ಬೀಳುತ್ತದೆ. ಆ ಪೊರೆಯ ಆಕಾರ, ಎಲೆ ಅಡಿಯಲ್ಲಿ ನರಗಳು ಕವಲೊಡೆಯುವ ಮೂಲೆಗಳಲ್ಲಿ ರೋಮದ ಗೊಂಚಲು ಅಥವಾ ಸಣ್ಣ ಗುಳಿ ಇದೆಯಾ ಅನ್ನೋದು, ಎಲೆ ಬುಡ ಹೃದಯದ ಆಕಾರವೋ ಅಲ್ಲವೋ ಅನ್ನೋದು, ಇವು ಮುಂದೆ ಕೆಲಸಕ್ಕೆ ಬರುತ್ತವೆ, ಅವುಗಳ ಫೋಟೊ ಈಗಲೇ ತೆಗೆದಿಡಿ. ಮರ ನಿಂತ ಜಾಗ ಗುರುತು ಹಾಕಿಕೊಂಡು ಹೂವಿನ ಕಾಲಕ್ಕೆ ಮತ್ತೆ ಹೋಗಿ. ಹೂವು ಚೆಂಡಿನಂತೆ ಗುಂಡಗೆ ಒತ್ತೊತ್ತಾಗಿ ಬಂದರೆ ಕದಂಬದ ಗುಂಪು, ಆಗ ಹೊಸ ಫೋಟೊ ಹಾಕಿ, ಅಲ್ಲಿಂದ ಮುಂದಕ್ಕೆ ನೋಡೋಣ.